ತಗ್ಗಿನ ಬೀದಿಯೂ ಕೆರೆಯ ಗೇಟೂ

ಮೋಟಾರಿನ ದನಿ ಬದಲಾದದ್ದು ಪುಟ್ಟಿಗೆ ಊಟದ ಡಬ್ಬಿ ತೆರೆಯುವಾಗಲೇ ಗೊತ್ತಾಯಿತು. ಅಲ್ಲಿಯವರೆಗೆ ಒಂದೇ ಸಮನೆ ಗುಂಯ್ ಅನ್ನುತ್ತಿದ್ದದ್ದು ಈಗ ಗಂಟಲಲ್ಲಿ ಏನೋ ಸಿಕ್ಕಿಕೊಂಡವರ ಹಾಗೆ ಕೆಮ್ಮತೊಡಗಿತ್ತು. ಅವಳು ಡಬ್ಬಿಯ ಮುಚ್ಚಳ ಮತ್ತೆ ಒತ್ತಿ ಎದ್ದಳು. ಹೊರಗೆ ಬೆಳಗಿನಿಂದ ಬಿಡದೆ ಮಳೆ.

ನಲವತ್ತು ದಾಟಿದ ಹೆಂಗಸನ್ನು ಪುಟ್ಟಿ ಎಂದು ಕರೆಯುವುದು ಸರಿಯಲ್ಲ, ನಿಜ. ಆದರೆ ಮನೆಗೆ ಕಿರಿಯವಳಾಗಿ ಹುಟ್ಟಿದ ತಪ್ಪಿಗೆ ಅಂಟಿಕೊಂಡ ಆ ಹೆಸರು ಅವಳ ಜೊತೆಯಲ್ಲೇ ಬೆಳೆದು, ಕೆಲಸಕ್ಕೂ ಹಿಂಬಾಲಿಸಿ ಬಂದಿತ್ತು. ಅವಳ ಜೊತೆ ಕೆಲಸ ಮಾಡುವ ಮೆಕ್ಯಾನಿಕ್ಕಿಗೂ ಒಂದು ಅಡ್ಡಹೆಸರಿತ್ತು, ಗುಡುಗಣ್ಣ. ವರ್ಷಗಟ್ಟಲೆ ಮೋಟಾರುಗಳ ಪಕ್ಕದಲ್ಲಿದ್ದು ಅರ್ಧ ಕಿವುಡಾಗಿದ್ದ ಆತ ಗುಟ್ಟು ಹೇಳಿದರೂ ಆಚೆ ಬೀದಿಗೆ ಕೇಳುತ್ತಿತ್ತು.

ಪುಟ್ಟಿಯ ಉಸ್ತುವಾರಿಯಲ್ಲಿದ್ದ ಪಂಪ್‌ಹೌಸು ಕೆರೆಯ ದಂಡೆಯ ಮೇಲಿತ್ತು. ಊರಿನ ಅರ್ಧದಷ್ಟು ಮನೆಗಳ ಕೊಳಚೆ ನೀರು ನೆಲದಡಿಯ ಕೊಳವೆಗಳಲ್ಲಿ ಇಳಿಜಾರು ಹಿಡಿದು ಬಂದು ಅಲ್ಲಿನ ಒಂದು ಆಳವಾದ ಬಾವಿಗೆ ಬೀಳುತ್ತಿತ್ತು. ಪಂಪು ಅದನ್ನು ಎತ್ತಿ ದಿಬ್ಬದ ಮೇಲಿನ ಶುದ್ಧೀಕರಣ ಘಟಕಕ್ಕೆ ತಳ್ಳಬೇಕು. ಪಂಪು ನಿಂತರೆ ಬಾವಿ ತುಂಬುತ್ತದೆ. ತುಂಬಿದ ಬಾವಿಗೆ ಎರಡೇ ದಾರಿ. ಪಕ್ಕದ ಕಬ್ಬಿಣದ ಗೇಟು ತೆರೆದರೆ ಕೊಳಚೆಯೆಲ್ಲ ಕಾಲುವೆಯಲ್ಲಿ ಹರಿದು ನೇರ ಕೆರೆಗೆ. ತೆರೆಯದಿದ್ದರೆ ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಿ, ಎಲ್ಲಕ್ಕಿಂತ ತಗ್ಗಿನಲ್ಲಿರುವ ಮನೆಗಳ ಬಚ್ಚಲಲ್ಲಿ ಉಕ್ಕುತ್ತದೆ.

ಎಲ್ಲಕ್ಕಿಂತ ತಗ್ಗಿನಲ್ಲಿದ್ದ ಬೀದಿಯನ್ನು ಜನ ತಗ್ಗಿನ ಬೀದಿ ಎಂದೇ ಕರೆಯುತ್ತಿದ್ದರು. ಆ ಬೀದಿಯ ಕಟ್ಟಕಡೆಯ ಮನೆ ಪುಟ್ಟಿಯ ಅಕ್ಕನದು. ಅಕ್ಕ ಟೈಲರ್. ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರವಿತ್ತು. ಯಂತ್ರದ ಪಕ್ಕದ ಮಂಚದಲ್ಲಿ ಅಪ್ಪ ಮಲಗಿರುತ್ತಿದ್ದ. ಪಾರ್ಶ್ವವಾಯು ಬಡಿದ ಮೇಲೆ ಅವನ ಬಲಗಡೆ ಪೂರ್ತಿ ಸತ್ತಿತ್ತು. ಮಾತು ಮಾತ್ರ ತೊದಲುತ್ತಾ ಉಳಿದುಕೊಂಡಿತ್ತು.

ಪುಟ್ಟಿ ಬಾವಿಯ ಕಟ್ಟೆಗೆ ಬಂದು ಬಗ್ಗಿ ನೋಡುವಷ್ಟರಲ್ಲಿ ಮೋಟಾರು ಎರಡು ಸಲ ಬಿಕ್ಕಳಿಸಿ ನಿಂತುಹೋಯಿತು.

“ಬಟ್ಟೆ ಸಿಕ್ಕಿಕೊಂಡಿದೆ!” ಗುಡುಗಣ್ಣ ಕೂಗಿದ. “ಪಂಪಿನ ರೆಕ್ಕೆಗೆ ಸುತ್ತಿಕೊಂಡು ಬಿಟ್ಟಿದೆ, ಇನ್ನೇನಲ್ಲ.”

“ಇನ್ನೊಂದು ಪಂಪು?”

“ಅದು ಮೋಟಾರು ಸುಟ್ಟು ವೈಂಡಿಂಗ್‌ಗೆ ಹೋಗಿ ಕೂತಿದೆಯಲ್ಲ, ಪುಟ್ಟಮ್ಮ. ಕಳಿಸಿದ್ದು ನೀವೇ.”

ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಿದ್ದಳು, ಕೇಳಿದರೆ ಉತ್ತರ ಬದಲಾದೀತೇನೋ ಎಂಬಂತೆ. ಬಾವಿಯ ಗೋಡೆಗೆ ಬಳಿದ ಕೆಂಪು ಗೆರೆಗೂ ನೀರಿಗೂ ನಡುವೆ ಇನ್ನೂ ಒಂದಾಳೆತ್ತರದ ಅಂತರವಿತ್ತು. ಬೇಸಿಗೆಯಾಗಿದ್ದರೆ ಅದು ತುಂಬಲು ಅರ್ಧ ದಿನ ಬೇಕು. ಆದರೆ ಊರಿನ ಎಷ್ಟೋ ಮಂದಿ ತಾರಸಿಯ ಮಳೆನೀರಿನ ಕೊಳವೆಯನ್ನೂ ಕದ್ದುಮುಚ್ಚಿ ಇದೇ ಕೊಳಚೆ ಕೊಳವೆಗೆ ಸೇರಿಸಿಕೊಂಡಿದ್ದರು. ನೀರು ಕಣ್ಣೆದುರೇ ಮೇಲೇರುತ್ತಿತ್ತು.

ಅವಳು ಎಂಜಿನಿಯರಿಗೆ ಫೋನ್ ಮಾಡಿದಳು. ಊರಿನ ಇನ್ನೊಂದು ತುದಿಯ ಪಂಪ್‌ಹೌಸಿನಲ್ಲಿ ಆತನೂ ಮೊಣಕಾಲುದ್ದ ನೀರಲ್ಲಿ ನಿಂತಿದ್ದ.

“ಇಲ್ಲಿರೋ ಹೆಚ್ಚಿನ ಪಂಪನ್ನ ಲಾರಿಗೆ ಹಾಕಿಸ್ತಿದೀನಿ,” ಎಂದ. “ಆದರೆ ಕೆಳಸೇತುವೆ ಮುಳುಗಿದೆ, ಲಾರಿ ಸುತ್ತಿ ಬರಬೇಕು. ಅಷ್ಟರಲ್ಲಿ ನಿಮ್ಮದನ್ನ ಎತ್ತಿ ಬಿಡಿಸೋಕೆ ನೋಡಿ. ಯಾರೂ ಬಾವಿಗೆ ಇಳೀಬಾರದು, ಕೇಳಿಸ್ತಾ? ವಿಷಗಾಳಿ ಇರುತ್ತೆ. ಯಾರೂ ಅಂದರೆ ಯಾರೂ.”

“ಸರ್, ಕೆಂಪು ಗೆರೆ ಮುಟ್ಟಿದರೆ?”

ಆತ ಹೇಳಿದ, “ಕೆಂಪು ಗೆರೆ ದಾಟಿದರೆ ಗೇಟು ತೆಗೀಬಹುದು ಅಂತ ನಿಯಮ ಇದೆ. ತೆಗೆದರೆ ನಿಮ್ಮನ್ನ ಯಾರೂ ಏನೂ ಅನ್ನಲ್ಲ, ನಾನಿದೀನಿ. ತೆಗೀದೆ ಇದ್ದರೂ ನಾನಿದೀನಿ. ಆದರೆ ಇಲ್ಲಿಂದ ನನಗೆ ಏನೂ ಕಾಣ್ತಿಲ್ಲ. ಅಲ್ಲಿರೋರು ನೀವು.”

ಒಳ್ಳೆಯ ಮನುಷ್ಯ. ಆದರೆ ಆ ಕ್ಷಣಕ್ಕೆ ಒಬ್ಬ ಕೆಟ್ಟ ಮೇಲಧಿಕಾರಿ ಇದ್ದಿದ್ದರೆ ವಾಸಿ ಎನ್ನಿಸಿತು ಪುಟ್ಟಿಗೆ. ತೆರೆ ಎಂದೋ ಬೇಡ ಎಂದೋ ಗದರಿ ಫೋನ್ ಇಟ್ಟುಬಿಡುತ್ತಿದ್ದ.

ಹಿಂದಿನ ವರ್ಷ ಒಮ್ಮೆ ಈ ಗೇಟನ್ನು ತೆರೆದಿದ್ದರು. ಆಗ ಅವಳು ಇಲ್ಲಿಗೆ ವರ್ಗವಾಗಿ ಬಂದಿರಲಿಲ್ಲ. ಆದರೆ ಊರಲ್ಲಿದ್ದಳು. ದಡದುದ್ದಕ್ಕೂ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲಿದ್ದನ್ನು ಎಲ್ಲರಂತೆ ಅವಳೂ ಮೂಗು ಮುಚ್ಚಿಕೊಂಡು ಹೋಗಿ ನೋಡಿದ್ದಳು. ಊರಿಗೆ ಕುಡಿಯುವ ನೀರು ಬರುವುದು ಅದೇ ಕೆರೆಯಿಂದ. ನಲ್ಲಿಯ ನೀರಿಗೆ ಎಷ್ಟು ಔಷಧಿ ಬೆರೆಸಿದರೂ ಸಾಲದೆ, ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಒಂದೊಂದು ಮಂಚಕ್ಕೆ ಇಬ್ಬಿಬ್ಬರನ್ನು ಮಲಗಿಸಿದ್ದರು. ಗುಡುಗಣ್ಣನ ಮೊಮ್ಮಗಳೂ ಅವರಲ್ಲೊಬ್ಬಳು. ಹುಡುಗಿ ಬದುಕಿಕೊಂಡಳು. ತಾತ ಮಾತ್ರ ಅಂದಿನಿಂದ ಪ್ರತಿ ಲೋಟ ನೀರನ್ನೂ ಮೂಸದೆ ಅವಳ ಕೈಗೆ ಕೊಡುತ್ತಿರಲಿಲ್ಲ.

ಪುಟ್ಟಿ ಅಕ್ಕನ ನಂಬರು ಒತ್ತಿದಳು. ಆ ಕಡೆ ಹೊಲಿಗೆ ಯಂತ್ರದ ಸದ್ದು ಕೇಳುತ್ತಲೇ ಇತ್ತು.

“ಅಕ್ಕಾ, ಪಂಪು ನಿಂತಿದೆ. ಅಪ್ಪನನ್ನ ಮಹಡಿಗೆ ಕರ್ಕೊಂಡು ಹೋಗು.”

“ಕರ್ಕೊಂಡು ಹೋಗು ಅಂದರೆ? ಅಪ್ಪ ಏನು ನಡೀತಾನಾ?”

“ಮೇಲಿನ ಮನೆ ಮೇಷ್ಟ್ರನ್ನ ಕರಿ. ಕುರ್ಚಿಯಲ್ಲಿ ಕೂರಿಸಿ ಎತ್ತಿ. ಭಾವ ಎಲ್ಲಿ?”

“ಬಸ್ಸಿನಲ್ಲಿ. ಅವರು ಯಾವ ಊರಲ್ಲಿದಾರೋ, ಸಂಜೆಗೆ ಬರ್ತಾರೆ.” ಯಂತ್ರ ನಿಂತಿತು. “ಪುಟ್ಟಿ, ನಿನ್ನ ಹತ್ರ ಆ ಗೇಟು ಇದೆಯಲ್ಲ?”

“ಇದೆ.”

“ಮತ್ತೆ?”

“ತೆಗೆಯೋ ಹಾಗಿಲ್ಲ ಅಕ್ಕ.”

“ತೆಗೆಯೋ ಹಾಗಿಲ್ವೋ, ನೀನು ತೆಗೆಯಲ್ವೋ?”

“ಮೊದಲು ಅಪ್ಪನನ್ನ ಮೇಲಕ್ಕೆ ಕಳಿಸು,” ಎಂದು ಪುಟ್ಟಿ ಫೋನ್ ಜೇಬಿಗೆ ಹಾಕಿಕೊಂಡಳು.

ಬಾವಿಯ ಮೇಲೆ ಕಬ್ಬಿಣದ ತೊಲೆಗೆ ಚೈನ್ ಪುಲ್ಲಿ ತೂಗಿತ್ತು. ಪಂಪಿಗೆ ಕಟ್ಟಿದ ಸರಪಳಿಯನ್ನು ಅದಕ್ಕೆ ಸಿಕ್ಕಿಸಿ ಇಬ್ಬರೂ ಎಳೆಯತೊಡಗಿದರು. ಪಂಪು ಸ್ವಲ್ಪ ಮೇಲೆ ಬಂದು ಸಿಕ್ಕಿಕೊಂಡಿತು. ಎಳೆದರೂ ಬರದು, ಬಿಟ್ಟರೂ ಇಳಿಯದು. ಗುಡುಗಣ್ಣ ಬಗ್ಗಿ ಟಾರ್ಚು ಹಾಕಿದ.

“ಪಂಪು ಜಾರೋ ಹಳಿಯ ಕೊಂಡಿಗೆ ಬಟ್ಟೆ ಸುತ್ತಿಕೊಂಡಿದೆ. ಕೈಗೆ ಸಿಗೋ ಹಾಗಿದೆ ಪುಟ್ಟಮ್ಮ. ನಾಲ್ಕು ಮೆಟ್ಟಲು ಇಳಿದರೆ ಸಾಕು, ಚಾಕು ಹಾಕಿ ಬರ್ತೀನಿ.”

“ಬೇಡ.”

“ಉಸಿರು ಹಿಡ್ಕೊಂಡು ಇಳೀತೀನಿ.”

“ಬೇಡ ಅಂದೆ ಅಣ್ಣ! ನಿಮ್ಮನ್ನ ಎತ್ತೋಕೆ ನನಗೆ ಇನ್ನೊಂದು ಪುಲ್ಲಿ ಇಲ್ಲ.”

ಆತ ಗೊಣಗುತ್ತಾ ಉದ್ದನೆಯ ಬಿದಿರಿನ ತುದಿಗೆ ಚಾಕು ಕಟ್ಟಲು ಹೋದ. ಆತನ ಗೊಣಗಾಟವೆಲ್ಲ ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಅದರಲ್ಲಿ ಮರ್ಯಾದೆಯ ಮಾತು ಕಡಿಮೆಯಿತ್ತು.

ಪುಟ್ಟಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕಾಲು ಸುಟ್ಟ ಬೆಕ್ಕಿನ ಹಾಗೆ ಬಾವಿಯಿಂದ ಬಾಗಿಲಿಗೆ, ಬಾಗಿಲಿಂದ ಬಾವಿಗೆ ಓಡಾಡಿದಳು. ಪ್ರತಿ ಸಲ ನೋಡಿದಾಗಲೂ ನೀರು ಇನ್ನಷ್ಟು ಮೇಲೆ. ನೋಡಿದ್ದರಿಂದಲೇ ಏರುತ್ತಿದೆಯೇನೋ ಎಂದು ಒಮ್ಮೆ ಬೇಕೆಂದೇ ನೋಡದೆ ನಿಂತಳು. ಅದೂ ಆಗಲಿಲ್ಲ. ಲಾರಿ ಎಲ್ಲಿದೆ ಎಂದು ಎಂಜಿನಿಯರಿಗೆ ಮತ್ತೆ ಫೋನ್ ಮಾಡಿದಳು. ಲಾರಿ ಹೊರಟಿತ್ತು, ಅಷ್ಟೇ. ಅಕ್ಕನಿಗೆ ಮಾಡಿದಳು. ಅಕ್ಕ ಎತ್ತಲಿಲ್ಲ.

ಎತ್ತದಿದ್ದದ್ದಕ್ಕೆ ಕಾರಣ, ಅಕ್ಕ ಆಗಲೇ ದಾರಿಯಲ್ಲಿದ್ದಳು. ಕೊಡೆ ಹಿಡಿದ, ಗೋಣಿಚೀಲ ಹೊದ್ದ, ಏನೂ ಇಲ್ಲದೆ ನೆನೆದ ತಗ್ಗಿನ ಬೀದಿಯ ಒಂದು ಗುಂಪು ಪಂಪ್‌ಹೌಸಿನ ಅಂಗಳಕ್ಕೆ ನುಗ್ಗಿತು. ಮುಂದೆ ಅಕ್ಕ. ಕೊರಳಲ್ಲಿ ಅಳತೆಯ ಟೇಪು ಹಾಗೇ ತೂಗುತ್ತಿತ್ತು.

“ಬಚ್ಚಲಲ್ಲಿ ಗುಳುಗುಳು ಅಂತಿದೆ,” ಎಂದಳು ಅಕ್ಕ. “ಗೇಟು ತೆಗಿ.”

“ಅಪ್ಪ ಮೇಲೆ ಹೋದನಾ?”

“ಮೇಷ್ಟ್ರಿಗೆ ಬೆನ್ನುನೋವು. ಅಪ್ಪ ಮಂಚದ ಕಾಲು ಹಿಡ್ಕೊಂಡು ಬಿಡ್ತಿಲ್ಲ. ಗೇಟು ತೆಗಿ ಪುಟ್ಟಿ.”

ಸೈಕಲ್ ರಿಪೇರಿಯವನು ಮುಂದೆ ಬಂದ. “ಮೇಡಂ, ಹೋದ ವರ್ಷ ತೆಗೆದಿದ್ರಲ್ಲ? ಆಗ ನಮ್ಮ ಬೀದಿಗೆ ಒಂದು ಹನಿ ಬರಲಿಲ್ಲ. ಈಗ ಮಾತ್ರ ಯಾಕೆ? ನಾವೇನು ಊರಿನವರಲ್ವಾ?”

“ಆಗ ಆಸ್ಪತ್ರೆ ತುಂಬಿತ್ತು,” ಎಂದಳು ಪುಟ್ಟಿ. “ಇಡೀ ಊರು ಇದೇ ನೀರು ಕುಡಿಯುತ್ತೆ. ನೀವೂ ಕುಡೀತೀರಿ. ಅಪ್ಪನೂ ಕುಡೀತಾನೆ ಅಕ್ಕ.”

“ಕುಡಿಯೋ ನೀರನ್ನ ಕಾಯಿಸಬಹುದು,” ಎಂದಳು ಅಕ್ಕ. “ಅಪ್ಪನನ್ನ ಕಾಯಿಸೋಕಾಗುತ್ತಾ?”

ಗುಂಪಿನಲ್ಲಿ ಯಾರೋ ನಕ್ಕರು. ಅಕ್ಕ ನಗಲಿಲ್ಲ. ಅವಳು ನೇರ ಗೇಟಿನ ಬಳಿ ಹೋಗಿ ತಿರುಗಿಸುವ ಚಕ್ರಕ್ಕಾಗಿ ಕೈಯಾಡಿಸಿದಳು. ಚಕ್ರ ಇರಲಿಲ್ಲ. ಗುಂಪು ಬರುವುದನ್ನು ಕಂಡ ಕೂಡಲೇ ಪುಟ್ಟಿ ಅದನ್ನು ಕಳಚಿ ಒಳಗೆ ತನ್ನ ಮೇಜಿನಡಿಗೆ ತಳ್ಳಿದ್ದಳು. ಒಡಹುಟ್ಟಿದವಳು ಬರುತ್ತಿರುವುದು ಕಂಡು ಹಾಗೆ ಮಾಡಿದೆನಲ್ಲ ಎಂದು ಅವಳಿಗೆ ಆಗಲೇ ನಾಚಿಕೆಯಾಗಿತ್ತು.

ಅಕ್ಕ ತಿರುಗಿ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಪುಟ್ಟಿ ತಡೆದುಕೊಳ್ಳುತ್ತಿದ್ದಳು.

“ನೀವು ನಾಲ್ಕು ಜನ ಗಂಡಸರು ಇಲ್ಲಿ ನಿಂತು ಏನು ಮಾಡ್ತೀರಿ?” ಪುಟ್ಟಿ ಸೈಕಲ್ ರಿಪೇರಿಯವನ ಕಡೆ ತಿರುಗಿದಳು. “ಹೋಗಿ ನಮ್ಮಪ್ಪನನ್ನ ಎತ್ತಿ. ಬಿಡದಿದ್ದರೆ ಮಂಚದ ಸಮೇತ ಎತ್ತಿ. ತಗ್ಗಿನ ಮನೆಗಳಲ್ಲಿ ಇನ್ಯಾರು ಮಲಗಿದವರಿದ್ದಾರೋ ಎಲ್ಲರನ್ನೂ ಎತ್ತಿ. ಬೈಯೋದಿದ್ದರೆ ಸಂಜೆ ಬನ್ನಿ, ನಾನು ಇಲ್ಲೇ ಇರ್ತೀನಿ.”

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಓಡಿದವನು ಸೈಕಲ್ ರಿಪೇರಿಯವನೇ. ಉಳಿದವರು ಅವನ ಹಿಂದೆ. ಕೊನೆಗೆ ಅಕ್ಕ. ಹೋಗುವಾಗ ಅವಳ ಕೊರಳಿನ ಟೇಪು ಜಾರಿ ಕೆಸರಿಗೆ ಬಿತ್ತು. ಅವಳಿಗದು ತಿಳಿಯಲೂ ಇಲ್ಲ.

ನೀರು ಕೆಂಪು ಗೆರೆ ಮುಟ್ಟಿತು. ದಾಟಿತು.

ಗುಡುಗಣ್ಣ ಬಿದಿರು ಚಾಚಿ ಕುಯ್ಯುತ್ತಲೇ ಇದ್ದ. ಕುಯ್ದಷ್ಟೂ ಬಟ್ಟೆ. ಪುಟ್ಟಿ ಸರಪಳಿ ಬಿಗಿ ಹಿಡಿದು ನಿಂತವಳು ಇದ್ದಕ್ಕಿದ್ದ ಹಾಗೆ ಅದನ್ನು ಗೋಡೆಯ ಕೊಕ್ಕೆಗೆ ಸಿಕ್ಕಿಸಿ ಒಳಗೆ ಹೋದಳು. ಚಕ್ರ ತಂದಳು. ಅದನ್ನು ಗೇಟಿನ ಕಂಬಕ್ಕೆ ಕೂರಿಸಿದಳು. ಅವಳ ಕಣ್ಣೆದುರಿಗಿದ್ದದ್ದು ಕೆರೆಯಲ್ಲ, ಆಸ್ಪತ್ರೆಯಲ್ಲ. ಮಂಚದ ಕಾಲನ್ನು ಎಡಗೈಯಲ್ಲಿ ಹಿಡಿದುಕೊಂಡ ಅಪ್ಪ. ಅವಳು ತಿರುಗಿಸಿದಳು. ಗೇಟು ಕಿರ್ರೆಂದು ಒಂದು ಬೆರಳಷ್ಟು ಎದ್ದಿತು.

ಕಪ್ಪು ನೀರು ನಾಲಗೆಯಂತೆ ಹೊರಚಾಚಿ ಕಾಲುವೆಗೆ ಇಳಿಯಿತು. ಮಳೆಗೆ ಉದುರಿದ ಎಲೆಗಳನ್ನು ತಳ್ಳಿಕೊಂಡು ಕೆರೆಯ ಕಡೆ ಸರಿಯಿತು. ಎಷ್ಟು ಸಲೀಸಾಗಿ ಹೋಯಿತೆಂದರೆ ಅವಳ ಎದೆ ಹಗುರಾಯಿತು. ಮರುಗಳಿಗೆಯಲ್ಲಿ ಆ ಹಗುರವೇ ಅವಳಿಗೆ ಭಯ ಹುಟ್ಟಿಸಿತು. ಇನ್ನೊಂದು ಸುತ್ತು ತಿರುಗಿಸಿದರೆ ಎಲ್ಲ ಸದ್ದೂ ಅಡಗುತ್ತದೆ. ಬಚ್ಚಲಿನ ಗುಳುಗುಳು ನಿಲ್ಲುತ್ತದೆ. ಅಕ್ಕ ಮಾತಾಡುತ್ತಾಳೆ.

ಅವಳು ತಿರುಗಿ ಗುಡುಗಣ್ಣನನ್ನು ನೋಡಿದಳು. ಆತ ನೋಡಿದ್ದ. ಬಿದಿರು ಹಿಡಿದ ಕೈ ನಿಲ್ಲಿಸಿ ನೋಡುತ್ತಲೇ ಇದ್ದ. ಜೀವಮಾನವಿಡೀ ಕೂಗಿಯೇ ಮಾತಾಡಿದ ಮನುಷ್ಯ ಒಂದು ಮಾತೂ ಆಡಲಿಲ್ಲ. ತೆಗೆಯಬೇಡ ಎಂದು ಕೇಳುವ ಹಕ್ಕು ತನಗಿಲ್ಲ ಎಂಬಂತೆ ಮತ್ತೆ ಬಗ್ಗಿ ಕುಯ್ಯತೊಡಗಿದ.

ಪುಟ್ಟಿ ಚಕ್ರವನ್ನು ಹಿಂದಕ್ಕೆ ತಿರುಗಿಸಿದಳು. ತೆರೆಯುವಾಗಿನದಕ್ಕಿಂತ ಮುಚ್ಚುವಾಗ ಅದು ಹೆಚ್ಚು ಬಿಗಿಯಾಗಿತ್ತು. ಮೈಭಾರವೆಲ್ಲ ಹಾಕಿ ಒತ್ತಿದಳು. ಕಾಲುವೆಯಲ್ಲಿ ನೀರು ತೆಳ್ಳಗಾಗಿ, ಎಳೆಯಾಗಿ, ನಿಂತಿತು.

ಹಳಿಯ ಕೊಂಡಿ ಬಿಟ್ಟುಕೊಂಡದ್ದು ಅದಾದ ಮೇಲೆ, ತುಸು ಹೊತ್ತಿಗೇ. “ಬಂತೂ!” ಎಂದು ಗುಡುಗಣ್ಣ ಕೂಗಿದ್ದು ತಗ್ಗಿನ ಬೀದಿಗೂ ಕೇಳಿರಬೇಕು. ಇಬ್ಬರೂ ಸರಪಳಿಗೆ ಜೋತುಬಿದ್ದರು. ಪಂಪು ಕಪ್ಪಗೆ ತೊಟ್ಟಿಕ್ಕುತ್ತಾ ಮೇಲೆದ್ದಿತು. ಅದರ ಬಾಯಲ್ಲಿ ಒಂದು ಕುರಿಮರಿಯಷ್ಟು ದಪ್ಪನೆಯ ಮುದ್ದೆ. ಒರೆಸುವ ಬಟ್ಟೆ, ಕಾಲುಚೀಲ, ಕೂದಲು, ಪ್ಲಾಸ್ಟಿಕ್ಕು, ಮಲಗಿದ ರೋಗಿಗಳ ಮೈ ಒರೆಸಿ ಬಿಸಾಡುವ ಒದ್ದೆ ಹಾಳೆಗಳು. ಅಂಥ ಹಾಳೆಗಳನ್ನು ಶೌಚಾಲಯಕ್ಕೆ ಹಾಕಬೇಡ ಎಂದು ಅವಳು ಅಕ್ಕನಿಗೆ ಎಷ್ಟೋ ಸಲ ಹೇಳಿದ್ದಳು. ಈ ಮುದ್ದೆಯಲ್ಲಿ ಅಪ್ಪನದು ಯಾವುದು, ಬೇರೆಯವರದು ಯಾವುದು? ಎಲ್ಲ ಒಂದೇ ಬಣ್ಣ. ಅವಳು ಕೈಗವಸು ತೊಟ್ಟು ಕಿತ್ತು ಕಿತ್ತು ಎಸೆದಳು.

ಪಂಪು ಇಳಿದು ಮತ್ತೆ ಓಡತೊಡಗಿದಾಗ ನೀರು ತಕ್ಷಣ ಇಳಿಯಲಿಲ್ಲ. ಇಳಿಯಿತು ಅನ್ನಿಸುವುದು, ಇಲ್ಲ ಅನ್ನಿಸುವುದು. ಕೊನೆಗೆ ಗೆರೆಯ ಕೆಂಪು ಒದ್ದೆಯಾಗಿ ಹೊರಗೆ ಕಂಡಿತು. ಗುಡುಗಣ್ಣ ಕಟ್ಟೆಯ ಮೇಲೆ ಕುಸಿದು ಕೂತ.

ಲಾರಿ ಬಂದಾಗ ಅದರಲ್ಲೇ ಎಂಜಿನಿಯರೂ ಬಂದ. ಅವನು ಏನಾದರೂ ಕೇಳುವ ಮೊದಲೇ ಪುಟ್ಟಿ ಹೇಳಿದಳು, “ಸರ್, ನಾನು ಗೇಟು ತೆಗೆದೆ. ಸ್ವಲ್ಪ. ಮುಚ್ಚಿದೆ. ಆದರೆ ಕೆರೆಗೆ ಒಂದಿಷ್ಟು ಹೋಗಿದೆ.”

ಅವನು ಕಾಲುವೆಗೆ ಇಳಿದು ನೋಡಿದ. ಕಾಲುವೆ ಕೆರೆ ಸೇರುವಲ್ಲಿ ಬಾಟಲಿಗೆ ನೀರು ತುಂಬಿಸಿ ಲ್ಯಾಬಿಗೆ ಕಳಿಸಿದ. ಫಲಿತಾಂಶ ಬರುವವರೆಗೆ ಊರಿಗೆ ಕೆರೆಯ ನೀರು ಎಳೆಯುವುದು ಬೇಡವೆಂದು ಅಲ್ಲಿಂದಲೇ ನೀರು ಸರಬರಾಜಿನವರಿಗೆ ಫೋನ್ ಮಾಡಿದ. “ಹೇಳಿದ್ದು ಒಳ್ಳೇದಾಯ್ತು,” ಎಂದ. ನೀರು ಕೆಟ್ಟಿಲ್ಲವೆಂದು ಮಾರನೆಯ ಸಂಜೆ ತಿಳಿಯುವವರೆಗೆ ಪುಟ್ಟಿ ಒಂದು ತುತ್ತನ್ನೂ ನೆಮ್ಮದಿಯಿಂದ ನುಂಗಲಿಲ್ಲ.

ಆದರೆ ಅದಕ್ಕೂ ಮೊದಲು ಅಕ್ಕನ ಮನೆಯಿತ್ತು.

ಮಳೆ ನಿಂತ ಮೇಲೆ ಅವಳು ತಗ್ಗಿನ ಬೀದಿಗೆ ಇಳಿದಳು. ಬಾಗಿಲುಗಳಿಂದ ಜನ ಕೊಳಚೆಯನ್ನು ಪೊರಕೆಯಲ್ಲಿ ತಳ್ಳುತ್ತಿದ್ದರು. ಯಾರೂ ಅವಳನ್ನು ಮಾತಾಡಿಸಲಿಲ್ಲ. ಅಕ್ಕನ ಮುಂದಿನ ಕೋಣೆಯಲ್ಲಿ ಗೋಡೆಯ ಮೇಲೆ ಮೊಣಕಾಲಿನಷ್ಟು ಎತ್ತರಕ್ಕೆ ಕಂದು ಪಟ್ಟಿ ಮೂಡಿತ್ತು. ಹೊಲಿದು ಮಡಿಸಿಟ್ಟಿದ್ದ ಶಾಲೆಯ ಸಮವಸ್ತ್ರಗಳೆಲ್ಲ ಒಂದು ಮೂಲೆಯಲ್ಲಿ ರಾಶಿಬಿದ್ದಿದ್ದವು. ಅಕ್ಕ ಬಗ್ಗಿ ನೆಲ ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ.

ಪುಟ್ಟಿ ಮೆಟ್ಟಲು ಹತ್ತಿದಳು. ಮೇಷ್ಟ್ರ ಕೋಣೆಯಲ್ಲಿ, ಮೇಷ್ಟ್ರ ಅಂಗಿ ತೊಟ್ಟುಕೊಂಡು, ಪುಸ್ತಕಗಳ ನಡುವೆ ಅಪ್ಪ ಒರಗಿ ಕೂತಿದ್ದ. ಅಂಗಿ ಅವನಿಗೆ ಎರಡು ಪಟ್ಟು ದೊಡ್ಡದಾಗಿತ್ತು.

“ಮೆ... ಮೆರವಣಿಗೆ ಮಾಡಿಸಿದೆಯಲ್ಲೇ ನನ್ನ,” ಎಂದ ಅಪ್ಪ.

“ಪೆಟ್ಟಾಯ್ತಾ ಅಪ್ಪ?”

“ಆ ಸೈಕಲ್‌ನವನ ಕೈ... ಕಬ್ಬಿಣ.” ಅವನು ಎಡಗೈ ಚಾಚಿ ಅವಳ ಒದ್ದೆ ತೋಳು ಹಿಡಿದ. ಮೂಗು ಸುಕ್ಕಿಸಿದ. “ನಾರ್ತೀಯ.”

“ಗೊತ್ತು.”

“ತೆಗೆದ್ಯಾ?”

“ಸ್ವಲ್ಪ ತೆಗೆದೆ. ಆಮೇಲೆ ಮುಚ್ಚಿದೆ.”

ಅಪ್ಪ ಬಹಳ ಹೊತ್ತು ಏನೋ ಹೇಳಲು ಬಾಯಿ ತಿರುವಿದ. ಮಾತು ಬರಲಿಲ್ಲ, ಅಥವಾ ಅವನು ಬಿಟ್ಟುಬಿಟ್ಟ. ಕಿಟಕಿಯ ಕಡೆ ಮುಖ ಮಾಡಿದ. ಅವನು ಸರಿ ಎಂದನೋ ತಪ್ಪು ಎಂದನೋ ಪುಟ್ಟಿಗೆ ಎಂದೂ ತಿಳಿಯಲಿಲ್ಲ. ತೋಳನ್ನು ಮಾತ್ರ ಬಿಟ್ಟಿರಲಿಲ್ಲ.

ಕೆಳಗಿಳಿದು ಇನ್ನೊಂದು ಬಕೆಟು ಹಿಡಿದು ಅವಳೂ ನೆಲಕ್ಕೆ ಕೂತಳು. ಭಾವ ಬಸ್ಸಿನಿಂದಿಳಿದು ಬಂದವನು ಹೊಸ್ತಿಲಲ್ಲೇ ನಿಂತು, ಬೆನ್ನು ಬೆನ್ನಾಗಿ ಕೂತು ತೊಳೆಯುತ್ತಿದ್ದ ಅಕ್ಕ ತಂಗಿಯನ್ನು ನೋಡಿ ಪ್ಯಾಂಟು ಮಡಚಿದ.

ಒಮ್ಮೆ ಮಾತ್ರ ಅಕ್ಕ ಬಾಯಿ ತೆರೆದಳು. “ಚಕ್ರ ಬಚ್ಚಿಟ್ಟೆ ನೀನು. ನನಗೆ ಹೆದರಿ.”

“ಹೌದು,” ಎಂದಳು ಪುಟ್ಟಿ.

ಆಮೇಲೆ ಅಕ್ಕ ಮುಖ ಊದಿಸಿಕೊಂಡು ಕಳೆದ ದಿನಗಳು ಕಡಿಮೆಯಲ್ಲ. ಪುಟ್ಟಿ ಅಪ್ಪನನ್ನು ನೋಡಲು ಹೋದರೆ ಅವಳು ಯಂತ್ರದ ಗಾಲಿಯನ್ನು ಇನ್ನೂ ಜೋರಾಗಿ ತಿರುಗಿಸುತ್ತಿದ್ದಳು. ಇತ್ತ ಪುಟ್ಟಿ ಎಂಜಿನಿಯರಿನ ಬೆನ್ನು ಬಿಡಲಿಲ್ಲ. ವೈಂಡಿಂಗ್‌ಗೆ ಹೋದ ಪಂಪು ವಾಪಸು ಬಂತು. ಬಾವಿಯ ಬಾಯಿಗೆ ಬಟ್ಟೆ ತಡೆಯುವ ಕಂಬಿ ಹಾಕಿದರು. ತಗ್ಗಿನ ಬೀದಿಯ ಪ್ರತಿ ಮನೆಯ ಕೊಳವೆಗೂ, ನೀರು ಹೊರಗೆ ಹೋಗಬಹುದು, ಒಳಗೆ ಬರಲಾಗದು ಎನ್ನುವಂಥ ಮುಚ್ಚಳ ಕೂರಿಸಿದರು. ಅಕ್ಕನ ಮನೆಗೆ ಅದನ್ನು ಕೂರಿಸುವಾಗ ಗುಡುಗಣ್ಣನೇ ನಿಂತು ಕೆಲಸ ಮಾಡಿಸಿದ. ಅದು ಹೇಗೆ ಕೆಲಸ ಮಾಡುತ್ತದೆಂದು ಅವನು ಅಕ್ಕನಿಗೆ ವಿವರಿಸಿದ್ದನ್ನು ಇಡೀ ಬೀದಿ ಕೇಳಿಸಿಕೊಂಡಿತು. ತಾರಸಿಯ ನೀರನ್ನು ಕೊಳಚೆಗೆ ಬಿಟ್ಟವರ ಕೊಳವೆಗಳನ್ನು ಮಾತ್ರ ಪೂರ್ತಿ ಕೀಳಿಸಲಾಗಲಿಲ್ಲ. ಅದಿನ್ನೂ ನಡೆದಿದೆ.

ಮುಂದಿನ ದೊಡ್ಡ ಮಳೆಗೆ ಮೋಡ ಕಟ್ಟಿದ ಮಧ್ಯಾಹ್ನ ಫೋನ್ ಬಂತು. ನಮಸ್ಕಾರವಿಲ್ಲ, ಹೇಗಿದ್ದೀ ಎಂದಿಲ್ಲ.

“ಪಂಪು ಓಡ್ತಿದೆಯಾ?” ಎಂದಳು ಅಕ್ಕ.

“ಓಡ್ತಿದೆ.”

“ಎರಡೂ?”

“ಎರಡೂ.”

“ಹೋಗಿ ನೋಡಿ ಹೇಳು.”

ಪುಟ್ಟಿ ಹೋಗಿ ನೋಡಿ ಬಂದಳು. “ನೋಡಿದೆ. ಎರಡೂ ಓಡ್ತಿದೆ.”

ಅಕ್ಕ ಫೋನ್ ಇಟ್ಟಳು. ಮೊದಲ ಹನಿ ಬೀಳುವಷ್ಟರಲ್ಲಿ ಮತ್ತೆ ಮಾಡಿದಳು. ಈಗಲೂ ಮೋಡ ಕಂಡರೆ ಸಾಕು, ಅವಳ ಫೋನ್ ಬರುತ್ತದೆ. ಮಳೆ ಮುಗಿಯುವವರೆಗೆ ಇಬ್ಬರಿಗೂ ಸಮಾಧಾನವಿಲ್ಲ. ಒಬ್ಬಳು ಬಚ್ಚಲ ಬಾಗಿಲಲ್ಲಿ ನಿಂತು ಕೇಳುತ್ತಾಳೆ, ಇನ್ನೊಬ್ಬಳು ಬಾವಿಯ ಕಟ್ಟೆಯಲ್ಲಿ ನಿಂತು ಹೇಳುತ್ತಾಳೆ.